ಫೋಟೋದಲ್ಲಿ ಉಳಿದ ಕೈ

"ಅಲ್ಲೇ, ಅಲ್ಲೇ. ಮೆಟ್ಲು ಹತ್ಬೇಡ. ಸ್ಕೂಟರ್ ಪಕ್ಕ ಪೇಪರ್ ಹಾಸಿದೀನಿ ನೋಡು, ಅದ್ರ ಮೇಲೆ ಕೂತ್ಕೋ."

ಉಳ್ಳೂರಿನ ನಿರ್ಮಲಮ್ಮ ನನ್ನನ್ನು ಬರಮಾಡಿಕೊಂಡದ್ದು ಹೀಗೆ. ಕಾಸರಗೋಡಿನಿಂದ ಹೊರಟ ರೈಲು ನನ್ನ ಸೊಂಟವನ್ನು ಹದಿನಾರು ತುಂಡು ಮಾಡಿ ತಿರುವನಂತಪುರದಲ್ಲಿ ಇಳಿಸಿತ್ತು. ತುಂಡುಗಳನ್ನೆಲ್ಲ ಒಟ್ಟುಮಾಡಿ ಪೇಪರಿನ ಮೇಲಿಟ್ಟೆ. ಹಿಡಿ ಮುರಿದ ಕಪ್ಪಿನಲ್ಲಿ ಕಾಫಿ ಬಂತು. ಕುಡಿದು, ತೊಳೆದು, ಕಾಂಪೌಂಡ್ ಗೋಡೆಯ ಮೇಲಿಡಬೇಕು ಎಂದರು.

"ತೊಳ್ದೇ ಇಡ್ತೇನೆ ಅಕ್ಕ. ಪಾಪ, ಕಪ್ಪಿನ ಜಾತಿ ಹೋದ್ರೆ ಕಷ್ಟ," ಅಂದೆ.

ಬಾಗಿಲು ಹಾಕಿಕೊಂಡಿತು.

ಅವರ ಗಂಡ ನಟರಾಜರು ಮೈಸೂರಿನವರು, ಬ್ಯಾಂಕಿನಲ್ಲಿ ಆಫೀಸರು, ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ವಯಸ್ಸಾದ ಜಾನಪದ ಕಲಾವಿದರಿಗೆ ಸರಕಾರ ಪಿಂಚಣಿ ಕೊಡುತ್ತದೆ, ಸಮಿತಿಯ ಮುಂದೆ ಬಂದು ಕಲೆ ತೋರಿಸಬೇಕು, ಮಲಯಾಳ ಬಾರದವರು ಬರುವವರೊಬ್ಬರನ್ನು ಜೊತೆಗೆ ತರಬೇಕು ಎಂದು ನನಗೆ ಕಾಗದ ಬಂದಿತ್ತು. ನಮ್ಮೂರ ಪೋಸ್ಟ್ ಮಾಸ್ಟರು ಬರೆದು ಕೇಳಿಕೊಂಡದ್ದಕ್ಕೆ ನಟರಾಜರು ಒಪ್ಪಿದ್ದರು.

ನಿಜ ಹೇಳುವುದಾದರೆ ನನಗೆ ಮಲಯಾಳ ಬರುತ್ತದೆ. ಮಳೆಗಾಲದಲ್ಲಿ ದೈವಕ್ಕೆ ಕೋಲವಿಲ್ಲ, ಕೋಲವಿಲ್ಲದಿದ್ದರೆ ನಮಗೆ ಗಂಜಿಯಿಲ್ಲ. ನಾನೂ ನನ್ನ ಗಂಡ ತನಿಯನೂ ಏಳು ಮಳೆಗಾಲ ಕೊಚ್ಚಿಯ ಶೆಡ್ಡಿನಲ್ಲಿ ಸಿಗಡಿ ಸುಲಿದವರು. ನಾನು ಸುಲಿದ ಸಿಗಡಿಯನ್ನು ಸಾಲಾಗಿ ಇಟ್ಟರೆ ಅಮೆರಿಕದವರೆಗೆ ಸೇತುವೆಯಾದೀತು. ಅಲ್ಲಿನ ಐಸು ಪುಡಿ ಮಾಡುವ ಯಂತ್ರ ನನ್ನ ಬಲಗೈ ಕಿರುಬೆರಳನ್ನು ಅರ್ಧ ತಿಂದಿತು, ಬದಲಿಗೆ ಮಲಯಾಳ ಕೊಟ್ಟಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಟರಾಜರು ಸ್ಕೂಟರಿನಲ್ಲಿ ಹೋದರು, ನಾನು ಬಸ್ಸಿನಲ್ಲಿ.

ಆ ಕಚೇರಿಯ ಕುರ್ಚಿಗಳು ಎಷ್ಟು ಎತ್ತರವೆಂದರೆ ಕೂತವರ ಮುಖ ನೋಡಲು ಏಣಿ ಬೇಕು. ನಡುವೆ ಅಧ್ಯಕ್ಷರು, ಒಂದು ಪಕ್ಕ ಕಾಲೇಜಿನಲ್ಲಿ ಪಾಠ ಮಾಡುವ ಮಂದಾಕಿನಿ ಟೀಚರು, ಇನ್ನೊಂದು ಪಕ್ಕ ಗುಮಾಸ್ತ. ನಾನು ಬಗಲಲ್ಲಿ ತೆಂಬರೆ ಹಿಡಿದು ನಿಂತೆ. ತೆಂಬರೆಯೆಂದರೆ ಕೋಲಿನಿಂದ ಬಡಿಯುವ ಸಣ್ಣ ಚರ್ಮವಾದ್ಯ. ನಮ್ಮ ಜಾತಿಯಲ್ಲಿ ಗಂಡಸು ದೈವ ಕಟ್ಟಿ ಕುಣಿಯುತ್ತಾನೆ; ಹೆಂಗಸು ಪಕ್ಕದಲ್ಲಿ ನಿಂತು ತೆಂಬರೆ ಬಡಿದು, ಆ ದೈವ ಎಲ್ಲಿ ಹುಟ್ಟಿತು, ಎಲ್ಲಿ ಕಾಯ ಬಿಟ್ಟಿತು ಎಂದು ಪಾಡ್ದನ ಹೇಳುತ್ತಾಳೆ. ಅವಳು ಹೇಳದಿದ್ದರೆ ಅವನ ಮೈಮೇಲೆ ದೈವವಿರಲಿ, ಸೊಳ್ಳೆಯೂ ಬರುವುದಿಲ್ಲ.

ಅರ್ಜಿಗೆ ಅಂಟಿಸಿದ ಫೋಟೋವನ್ನು ಅಧ್ಯಕ್ಷರು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಹತ್ತಿರ ಇದ್ದದ್ದೇ ಅದೊಂದು. ತೆಗೆದವನಿಗೆ ತನಿಯನ ಕಾಲ ಗಗ್ಗರ, ಹಳದಿ ಬಳಿದ ಮುಖ, ಬೆನ್ನಿಗೆ ಕಟ್ಟಿದ ಪ್ರಭಾವಳಿಯಂಥ ಅಣಿ ಎಲ್ಲ ಬೇಕಿತ್ತು. ನಾನು ಅಂಚಿನಲ್ಲಿ ಕತ್ತರಿಸಿ ಹೋಗಿದ್ದೆ. ತೆಂಬರೆಯೂ ಒಂದು ಕೈಯೂ ಉಳಿದಿದ್ದವು.

"ಅಜ್ಜಿ, ಇದ್ರಲ್ಲಿ ನೀನೆಲ್ಲಿದೀಯ ಅಂತ ಕೇಳ್ತಿದಾರೆ," ಅಂದರು ನಟರಾಜರು.

"ಆ ಕೈ ನಂದು ಸಾರ್. ಕಿರುಬೆರಳು ನೋಡ್ಲಿಕ್ಕೆ ಹೇಳಿ."

ಕೈ ಎತ್ತಿ ತೋರಿಸಿದೆ. ಅಧ್ಯಕ್ಷರು ಫೋಟೋ ನೋಡಿದರು, ಕೈ ನೋಡಿದರು. ಬೆರಳಿಗೆಲ್ಲ ಪಿಂಚಣಿ ಕೊಡುತ್ತ ಹೋದರೆ ಸರಕಾರ ಭಿಕ್ಷೆಯ ಬಟ್ಟಲು ಹಿಡಿಯಬೇಕಾದೀತು ಎಂದು ಮಲಯಾಳದಲ್ಲಿ ಹೇಳಿದರು. ಗುಮಾಸ್ತ ನಕ್ಕ. ನಟರಾಜರೂ ನಕ್ಕು, ಪರಿಶೀಲಿಸುತ್ತಾರಂತೆ ಎಂದು ನನಗೆ ಕನ್ನಡದಲ್ಲಿ ಹೇಳಿದರು.

ಐದು ನಿಮಿಷ ಹಾಡಬೇಕಂತೆ. ನಾನು ತಲೆಗೆ ಎಣ್ಣೆ ಕೇಳಿದೆ. ಎಣ್ಣೆ ಕೊಡದೆ ಬಾಯಿ ತೆರೆಯುವ ಕ್ರಮ ನಮ್ಮಲ್ಲಿಲ್ಲ. ಕೋಲಕ್ಕೆ ಮೊದಲು ಧಣಿ ಎಣ್ಣೆ ಕೊಡಬೇಕು. ತೆಗೆದುಕೊಂಡವಳು ನಡುವೆ ನಿಲ್ಲಿಸಬಾರದು, ಕೊಟ್ಟವನು ಹಾಡು ಮುಗಿಯುವವರೆಗೆ ಕದಲಬಾರದು.

"ಇದೇನ್ ನಿಮ್ಮೂರ ಕೋಲಾನಾ? ಮರ್ಯಾದೆ ಕಳೀಬೇಡ, ಸುಮ್ನೆ ಹಾಡು," ಅಂದರು ನಟರಾಜರು, ಹಲ್ಲು ಕಚ್ಚಿಕೊಂಡು.

"ಎಣ್ಣೆ ಇಲ್ದೆ ನಿಮ್ಮ ಸ್ಕೂಟರೂ ಹೋಗುದಿಲ್ಲ ಅಲ್ವಾ ಸಾರ್."

ಮಂದಾಕಿನಿ ಟೀಚರಿಗೆ ಮಾತ್ರ ಬಹಳ ಖುಷಿಯಾಯಿತು. ಇದನ್ನೆಲ್ಲ ನಟರಾಜರ ಬಾಯಿಂದ ಕೇಳಿ ಬರೆದುಕೊಂಡು, ಕ್ಯಾಂಟೀನಿನಿಂದ ಚಹಾದ ಗ್ಲಾಸಿನಲ್ಲಿ ತೆಂಗಿನೆಣ್ಣೆ ತರಿಸಿದರು. ಅಧ್ಯಕ್ಷರು ಕೂತಲ್ಲಿಂದಲೇ ನನ್ನ ಬೊಗಸೆಗೆ ನಾಲ್ಕು ಹನಿ ಬಿಟ್ಟರು, ಕೈಗೆ ಕೈ ತಾಗದಷ್ಟು ಮೇಲಿನಿಂದ. ಉಳಿದ ಎಣ್ಣೆಯ ಗ್ಲಾಸನ್ನು ಗುಮಾಸ್ತ ನನ್ನ ಕಾಲ ಬಳಿ ಇಟ್ಟ. ನಮ್ಮೂರ ಗುತ್ತಿನ ದೊಡ್ಡಮನೆಯ ಧಣಿಯೂ ಹೀಗೇ ಬಿಡುವುದು. ಇಷ್ಟು ದೂರ ರೈಲಿನಲ್ಲಿ ಬಂದರೂ ಎಣ್ಣೆ ಬೀಳುವ ಎತ್ತರ ಅಷ್ಟೇ ಇತ್ತು.

ತಲೆಗೆ ಎಣ್ಣೆ ಸವರಿಕೊಂಡು ಹಾಡಿದೆ. ಗಂಟಲು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟಿತು, ಮತ್ತೆ ತೆರೆಯಿತು. ತುಂಬಿದ ಬಸುರಿ ಏಳು ಗುಡ್ಡ ದಾಟಿ ಬಂದಳು. ಯಾರೂ ಬಾಗಿಲು ತೆರೆಯಲಿಲ್ಲ. ಕಾಸರಕನ ಮರದ ಬುಡಕ್ಕೆ ಒರಗಿದಳು, ನೋವು ಸುರುವಾಯಿತು. ಅಷ್ಟರಲ್ಲಿ ಅಧ್ಯಕ್ಷರು ಮೇಜಿನ ಮೇಲಿನ ಗಂಟೆ ಒತ್ತಿದರು.

"ಮಗು ಬರ್ಲಿಕ್ಕುಂಟು ಸಾರ್. ಈಗಷ್ಟೇ ನೋವು ಸುರುವಾದ್ದು. ದೈವ ಹುಟ್ಲೇ ಇಲ್ಲ," ಅಂದೆ.

ನಟರಾಜರು ಅದನ್ನು ಮಲಯಾಳಕ್ಕೆ ತಿರುಗಿಸಲಿಲ್ಲ.

ನನ್ನೆದುರೇ ಅವರವರು ಮಲಯಾಳದಲ್ಲಿ ಮಾತಾಡಿಕೊಂಡರು. ಈ ಹೆಂಗಸೂ ಕಲಾವಿದೆಯಲ್ಲವೇ ಎಂದು ಟೀಚರು ಮೆಲ್ಲಗೆ ಕೇಳಿದರು. ಹೀಗೆ ಒಪ್ಪಿದರೆ ನಾಳೆ ಕುಣಿಯುವವರ ಹೆಂಡಂದಿರೆಲ್ಲ ಒಂದೊಂದು ಡೋಲು ಹಿಡಿದು ಬರುತ್ತಾರೆ, ಸತ್ತ ಗಂಡನ ದಾಖಲೆ ಸರಿಯಿದೆ, ಅವನ ಹೆಸರಿನಲ್ಲೇ ಕೊಟ್ಟು ಕಳುಹಿಸೋಣ ಎಂದರು ಅಧ್ಯಕ್ಷರು. ಟೀಚರು ಪೆನ್ನಿಗೆ ಮುಚ್ಚಳ ಹಾಕಿದರು. ಗುಮಾಸ್ತ ಬೇರೆ ಫಾರಂ ತೆಗೆದ. ಕ್ರಮದಂತೆ ಮಲಯಾಳದಲ್ಲಿ ಗಟ್ಟಿಯಾಗಿ ಓದಿದ: ನಾನು ಕಲಾವಿದನ ವಿಧವೆ, ನನಗೆ ಸ್ವಂತವಾದ ಯಾವ ಕಲೆಯೂ ಇಲ್ಲ, ಗಂಡನ ಕಲೆಯಿಂದ ಬದುಕಿದವಳು.

"ನಿನ್ ಅದೃಷ್ಟ ಅಜ್ಜಿ, ಸಿಕ್ತು. ಇಲ್ಲಿ ಹೆಬ್ಬೆಟ್ಟು ಒತ್ತು," ಅಂದರು ನಟರಾಜರು.

"ಎಂತ ಬರ್ದಿದ್ದಾರೆ ಸಾರ್?"

"ಅದೇ, ಗಂಡ ಸತ್ತಿದಾನೆ ಅಂತ."

ಒತ್ತಿಬಿಡೋಣ ಅನಿಸಿತು. ಸುಳ್ಳು ಯಾಕೆ ಹೇಳಲಿ. ಹೊಟ್ಟೆಪಾಡಿಗೆ ತಾಳೆಗರಿಯ ಓಲೆಕೊಡೆ ಹೆಣೆಯಲು ಕಣ್ಣಿಲ್ಲ, ಮತ್ತೆ ಸಿಗಡಿ ಸುಲಿಯಲು ಬೆರಳಿಲ್ಲ. ನಿಂತೂ ನಿಂತೂ ಕಾಲು ಸತ್ತು ಹೋಗಿತ್ತು. ಹೆಬ್ಬೆರಳು ಅರ್ಧ ದಾರಿಯವರೆಗೂ ಹೋಯಿತು. ಪಕ್ಕದಲ್ಲಿ ಹಳೆಯ ಅರ್ಜಿ ಬಿದ್ದಿತ್ತು. ಫೋಟೋದ ಅಂಚಿನಲ್ಲಿ ಆ ಕೈ ತೆಂಬರೆ ಬಡಿಯುತ್ತಲೇ ಇತ್ತು.

ಓದಿದ್ದೆಲ್ಲ ನನಗೆ ಅರ್ಥವಾಗಿದೆ ಎಂದು ಕೊಚ್ಚಿ ಶೆಡ್ಡಿನ ಮಲಯಾಳದಲ್ಲಿ ಅಧ್ಯಕ್ಷರಿಗೆ ಹೇಳಿದೆ. ಬೆರಳಿನ ಮಾತೂ ಅರ್ಥವಾಯಿತು ಎಂದೆ. ಗುಮಾಸ್ತನ ಬಾಯಿ ಒಂದು ಬಸ್ಸು ಹೋಗುವಷ್ಟು ತೆರೆಯಿತು. ಆಮೇಲೆ ನಟರಾಜರ ಕಡೆ ತಿರುಗಿದೆ.

"ನಾನು ಮುಂಡೆ ಅಂತ ಹೇಳ್ಲಿಕ್ಕೆ ಕಾಗದ ಎಂತಕ್ಕೆ ಸಾರ್? ಈ ಬೋಳು ಕುತ್ತಿಗೆ ನೋಡಿದ್ರೆ ಯಾವ ಬೇವರ್ಸಿಗೂ ಗೊತ್ತಾಗ್ತದೆ. ಕೈ ಉಂಟಲ್ಲ, ಅದನ್ನು ಬರೀಲಿ."

"ಬಾಯ್ಮುಚ್ಚು ಮುದುಕಿ. ನಿಮ್ಮಂಥೋರಿಗೆ ಇಷ್ಟ್ ಕೊಡೋದೇ ಹೆಚ್ಚು. ಒತ್ತು."

ಶಾಯಿಯ ಪೆಟ್ಟಿಗೆಯನ್ನು ಫೈಲಿನ ತುದಿಯಿಂದ ನನ್ನತ್ತ ತಳ್ಳಿದರು.

ನಾನು ಬಗ್ಗಿ ಎಣ್ಣೆಯ ಗ್ಲಾಸು ಎತ್ತಿಕೊಂಡೆ. ಇದ್ದದ್ದನ್ನೆಲ್ಲ ಬಲಗೈಗೆ ಸುರಿದು, ಅಂಗೈಯನ್ನು ಪೂರ್ತಿಯಾಗಿ ಆ ಫಾರಮಿನ ಮೇಲೆ ಒತ್ತಿ ಹಿಡಿದೆ. ಎತ್ತಿದಾಗ ನಾಲ್ಕೂವರೆ ಬೆರಳು ಅಲ್ಲಿ ಮೂಡಿತ್ತು. ಕಾಗದ ಎಣ್ಣೆ ಕುಡಿಯುತ್ತ ಹೋಯಿತು. ಗುಮಾಸ್ತ ಒರೆಸಿದ, ಮೊಹರು ಒತ್ತಿ ನೋಡಿದ. ಶಾಯಿ ನಿಲ್ಲದೆ ಜಾರಿತು.

ಅಧ್ಯಕ್ಷರು ಊಟದ ಹೊತ್ತಾಯಿತೆಂದು ಎದ್ದರು. ಎಣ್ಣೆ ಕೊಟ್ಟವರು ಏಳಬಾರದಿತ್ತು.

ಹೊರಗೆ ಬಂದೆ. ಆ ಕಚೇರಿಗೆ ಇದ್ದದ್ದು ಒಂದೇ ಮೆಟ್ಟಿಲು ಸಾಲು. ಅದರ ನಟ್ಟನಡುವೆ ಕೂತು, ಸೆರಗಿಗೆ ಕೈ ಒರೆಸಿ, ತೆಂಬರೆ ತೆಗೆದುಕೊಂಡೆ. ಹಾಡನ್ನು ಬಿಟ್ಟ ಸಾಲಿನಿಂದಲೇ ಹಿಡಿದೆ. ಬೆನ್ನ ಹಿಂದೆ ಬೂಟುಗಳು ಇಳಿದುಬಂದು ನಿಂತವು. ಯಾರೋ ದಾರಿ ಬಿಡು ಎಂದರು.

ಮರದ ಬುಡದಲ್ಲಿ ತಾಯಿ ಇನ್ನೂ ನೋವು ತಿನ್ನುತ್ತಿದ್ದಳು. ಮಗು ತಲೆ ತೋರಿಸಿರಲಿಲ್ಲ.