ಕಾರ್ಮುಗಿಲನ ಬಲಗೈ

ಕಾರ್ಮುಗಿಲ ಬಲಗೈಯನ್ನು ಮೇಲಂಗಿಯಿಂದ ಹೊರಗೆ ತೆಗೆಯುವುದಿಲ್ಲ ಎಂಬುದು ಕಾಮಿಕ್ಸ್ ಓದಿದವರಿಗೆಲ್ಲ ಗೊತ್ತು. ಬೀಳುವ ಸೇತುವೆಗೆ ಹೆಗಲು ಕೊಡುತ್ತಾನೆ, ಓಡುವ ರೈಲನ್ನು ಎಡಗೈಯಿಂದ ತಡೆಯುತ್ತಾನೆ, ಬಲಗೈ ಮಾತ್ರ ಆ ಕಪ್ಪು ಮೇಲಂಗಿಯ ಮಡಿಕೆಯೊಳಗೇ. ಅದರಲ್ಲಿ ಸಿಡಿಲಿದೆ ಎಂದರು ಕೆಲವರು, ಶಾಪವಿದೆ ಎಂದರು ಕೆಲವರು. ಹಾಗೆ ವಾದಿಸಿದ ಮಕ್ಕಳಿಗೆ ಈಗ ತಲೆ ನರೆತಿದೆ, ವಾದ ಮುಗಿದಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದರಲ್ಲಿ ಓದುಗರನ್ನು ಮೀರಿಸುವವರಿಲ್ಲ.

ಈಗ ಪ್ರಕಾಶನದವರಿಗೆ ಕಾರ್ಮುಗಿಲನನ್ನು ಹೊಸದಾಗಿ ತರುವ ಹುಮ್ಮಸ್ಸು. ಕೆಲಸ ಬಂದದ್ದು ಪುಟ್ಟಿಗೆ. ಪುಟ್ಟಿ ಎಂದರೆ ಚಿಕ್ಕವಳೇನಲ್ಲ. ಹಳೆಯ ವೀರರಿಗೆ ಹೊಸ ರೂಪ ಕೊಡುವುದರಲ್ಲಿ ಹೆಸರು ಮಾಡಿದ, ಕಣ್ಣಿಗೆ ದಪ್ಪ ಕನ್ನಡಕ ಏರಿಸಿಕೊಂಡ ಕಲಾವಿದೆ. ಆದರೆ ಕಾರ್ಮುಗಿಲನನ್ನು ಹುಟ್ಟಿಸಿದ್ದು ಅವಳ ಸೋದರಮಾವ. ಅವಳಿಗೆ ಪೆನ್ಸಿಲು ಹಿಡಿಯಲು ಕಲಿಸಿದವರೂ ಅವರೇ. ಹಾಗಾಗಿ ಆ ಮನೆಯಲ್ಲಿ ಅವಳು ಇಂದಿಗೂ ಪುಟ್ಟಿ.

ಸಂಪಾದಕರದು ಒಂದೇ ಹಟ. ಮುಖಪುಟದಲ್ಲೇ ಬಲಗೈ ಹೊರಬರಬೇಕು, ಅದು ಕೆಂಡ ಉಗುಳುವ, ಚೂಪುಗುರಿನ ಕಬ್ಬಿಣದ ಪಂಜವಾಗಿರಬೇಕು. "ಈಗಿನವರಿಗೆ ಮೆತ್ತಗಿರೋ ಹೀರೋ ಸಾಕಾಗಲ್ಲ ಮೇಡಂ. ನಿಮಗಾಗಲ್ಲ ಅಂದ್ರೆ ಹೇಳಿ, ಬೇರೆಯವರಿದ್ದಾರೆ."

ಮಾವ ಹೂಂ ಅನ್ನದೆ ಪೆನ್ಸಿಲಿನ ಗೆರೆಗೆ ಶಾಯಿ ಮುಟ್ಟಿಸುವುದಿಲ್ಲ ಎಂದು ಪುಟ್ಟಿ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದಳು. ಮಾವನೋ, ಸುದ್ದಿ ಕೇಳಿದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವರು ಬೇಡ ಎಂದರೆ ಅವಳು ಕೆಲಸ ಬಿಡುವುದು ಖಂಡಿತ. ಅವಳು ಬಿಟ್ಟರೆ ಇನ್ಯಾರೋ ಬಂದು ಕಾರ್ಮುಗಿಲನಿಗೆ ಪಂಜ ಅಂಟಿಸುವುದೂ ಖಂಡಿತ. ಅದನ್ನು ನೆನೆದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪೆನ್ಸಿಲಿನ ಕರಡುಗಳನ್ನು ಸುರುಳಿ ಸುತ್ತಿಕೊಂಡು ಮಾವನ ಮನೆಗೆ ಬಂದಳು. ಅವರು ಕಿಟಕಿಯ ಪಕ್ಕ, ಚಿತ್ರ ಬಿಡಿಸುವ ಇಳಿಜಾರು ಹಲಗೆಯ ಮುಂದೆ ಕೂತಿದ್ದರು. ಹಲಗೆಯ ಮೇಲೆ ಕಾಗದವಿರಲಿಲ್ಲ. ಶಾಯಿ ಬಾಟಲಿಯ ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಬಲಗೈಗೆ ನಡುಕ ಬಂದ ಮೇಲೆ ಅವರು ಕೆಲಸ ಬಿಟ್ಟಿದ್ದರು. ಸೆಕೆಯಲ್ಲೂ ಮೈಮೇಲೊಂದು ಶಾಲು.

ಎಡಗೈಯಿಂದಲೇ ಒಂದೊಂದು ಹಾಳೆ ಎತ್ತಿ ನೋಡಿದರು. ಪಂಜದ ಚಿತ್ರ ಬಂದಾಗ ಮೂಗು ಮುರಿದರು.

"ಇದೇನೇ, ಕಸ ಗೋರೋ ಸಾಮಾನಿನ ಹಾಗಿದೆ."

"ಸಂಪಾದಕರು ಹೇಳಿದ್ದು. ನಂಗೂ ಹಿಡಿಸಿಲ್ಲ. ನೀವೇ ಹೇಳಿ ಮಾವ, ಆ ಮೇಲಂಗಿಯೊಳಗೆ ಏನಿಟ್ಟಿದ್ರಿ?"

ಮಾವ ಕಿಟಕಿಯ ಆಚೆ ನೋಡಿದರು. ಟೀ ತಂದ ಅತ್ತೆ ಲೋಟಗಳನ್ನು ಇಡುತ್ತಾ, "ಹೇಳ್ರೀ ಅವಳಿಗಾದ್ರೂ. ಅವಳೇನು ಹೊರಗಿನವಳಾ?" ಎಂದರು.

"ಏನೂ ಇರ್ಲಿಲ್ಲ ಪುಟ್ಟಿ," ಎಂದರು ಮಾವ. "ನಂಗೆ ಬಲಗೈ ಬಿಡಿಸೋಕೆ ಬರ್ತಿರ್ಲಿಲ್ಲ, ಅಷ್ಟೇ."

ಪುಟ್ಟಿ ಎತ್ತಿದ್ದ ಲೋಟವನ್ನು ಮತ್ತೆ ಕೆಳಗಿಟ್ಟಳು. ಮಾವ ಮುಂದುವರಿಸಿದರು:

"ಕೈ ಬಿಡಿಸ್ಬೇಕಾದ್ರೆ ನಾವು ಏನು ನೋಡ್ತೀವಿ? ನಮ್ಮ ಕೈನೇ. ಬಲಗೈಲಿ ಪೆನ್ನು ಇರುತ್ತೆ, ನೋಡೋಕೆ ಸಿಗೋದು ಎಡಗೈ. ಅದನ್ನ ಮನಸ್ಸಲ್ಲೇ ತಿರುಗಿಸಿ ಬಲಗೈ ಮಾಡ್ಬೇಕು. ಒಂದ್ಸಲ ಮುದ್ರಣದವನು ಬಾಗಿಲಲ್ಲೇ ನಿಂತಿದ್ದ. ಅವಸರದಲ್ಲಿ ತಿರುಗಿಸೋದನ್ನೇ ಮರೆತೆ. ಕಾರ್ಮುಗಿಲ ಬಲಗೈ ಎತ್ತಿ 'ನಿಲ್ಲು' ಅಂತಾನೆ, ಹೆಬ್ಬೆರಳು ತಲೆ ಕಡೆ ಇರೋ ಬದಲು ಆಚೆ ಕಡೆ ಇದೆ. ಎರಡೂ ಎಡಗೈ. ಬೀದೀಲಿ ಮಕ್ಕಳು ಹಾಗೇ ಕೈ ತಿರುಚಿಕೊಂಡು ನನ್ನ ಹಿಂದೆ ಬರೋರು. ಆಮೇಲೆ ಧೈರ್ಯ ಬರ್ಲಿಲ್ಲ. ಮೇಲಂಗಿಯೊಳಗೆ ಹಾಕಿಬಿಟ್ಟೆ."

"ಕನ್ನಡಿ ಇಟ್ಕೊಂಡು ಬಿಡಿಸಬಹುದಿತ್ತಲ್ಲ ಮಾವ?"

"ನಿಮ್ಮತ್ತೆ ಕನ್ನಡಿ ಬಿಟ್ಟುಕೊಟ್ರೆ ತಾನೇ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಅತ್ತೆ. ಮೂವರೂ ನಕ್ಕರು. ಊರಿಗೆಲ್ಲ ಸಿಡಿಲಾಗಿದ್ದು ಈ ಮನೆಯಲ್ಲಿ ಒಂದು ಹೆಬ್ಬೆರಳು.

ಪುಟ್ಟಿಯ ನಗು ಮೊದಲು ನಿಂತಿತು. ನಗುವಾಗಲೂ ಮಾವನ ಬಲಗೈ ಶಾಲಿನೊಳಗೇ ಇತ್ತು. ಬಂದಾಗಿನಿಂದ ಅದು ಹೊರಗೆ ಬಂದಿರಲಿಲ್ಲ. ಹೋದ ತಿಂಗಳು ಬಂದಾಗಲೂ ಅಷ್ಟೇ, ಅವಳು ಗಮನಿಸಿರಲಿಲ್ಲ.

ಹಲಗೆಗೆ ಹೊಸ ಹಾಳೆ ಸಿಕ್ಕಿಸಿದಳು. ಪೆನ್ಸಿಲು ಚೂಪು ಮಾಡುತ್ತಾ, "ಮಾವ, ಬಲಗೈ ಕೊಡಿ," ಎಂದಳು.

"ಯಾಕೆ?"

"ನೀವು ಬಿಡಿಸೋವಾಗ ಅದಕ್ಕೆ ಕೆಲಸ ಇತ್ತು, ನೋಡೋಕಾಗ್ಲಿಲ್ಲ. ಈಗ ನಾನು ನೋಡಿ ಬಿಡಿಸ್ತೀನಿ."

"ಬೇಡ ಕಣೇ. ನಡುಗುತ್ತೆ."

"ನಡುಗಲಿ. ಕಾರ್ಮುಗಿಲನಿಗೂ ವಯಸ್ಸಾಗಿದೆ."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಶಾಲನ್ನು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು. ಕೈ ನಿಧಾನವಾಗಿ ಹಲಗೆಯ ಅಂಚಿಗೆ ಬಂತು. ನಡುಬೆರಳ ಮೇಲೆ ಪೆನ್ನು ಒತ್ತಿ ಒತ್ತಿ ಗಂಟು ಕಟ್ಟಿತ್ತು, ಉಗುರಿನ ಸಂದಿಯಲ್ಲಿ ಹಳೆಯ ಶಾಯಿಯ ನೀಲಿ ಹಾಗೇ ಇತ್ತು. ಪುಟ್ಟಿ ನಡುಕ ನಿಲ್ಲಲಿ ಎಂದು ಕಾಯಲಿಲ್ಲ. ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆದು, ನಡುಗುವುದನ್ನು ನಡುಗುವ ಹಾಗೆಯೇ ಬಿಡಿಸಿದಳು. ಮುದಿ ಕಾರ್ಮುಗಿಲ ಮೇಲಂಗಿಯನ್ನು ಹಿಂದಕ್ಕೆ ಸರಿಸಿ, ಬರಿಗೈಯನ್ನು ಓದುಗರ ಕಡೆಗೆ ಚಾಚಿದ್ದ.

ಫೋಟೊ ತೆಗೆದು ಸಂಪಾದಕರಿಗೆ ಕಳಿಸಬಹುದಿತ್ತು. ಅದಕ್ಕೆ ಮೊದಲು ಹಾಳೆಯನ್ನು ಹಲಗೆಯಿಂದ ತೆಗೆದು ಮಾವನ ಕಡೆ ತಿರುಗಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ಕೈ ನೋಡಿಕೊಂಡರು, ಮತ್ತೆ ಚಿತ್ರ ನೋಡಿದರು.

"ಹೆಬ್ಬೆರಳು ಸರಿಯಾದ ಕಡೆ ಇದೆ," ಎಂದರು. ಆಮೇಲೆ, "ಹೂಂ. ಶಾಯಿ ಹಾಕು."

"ಸಂಪಾದಕರು ಒಪ್ಪದಿದ್ರೆ?"

"ಒಪ್ಪದಿದ್ರೆ ಇದನ್ನ ನಂಗೆ ಕೊಡು. ಈ ಗೋಡೆಗೆ ಹಾಕ್ತೀನಿ."

ಹಾಗೆನ್ನುತ್ತಾ ಟೀ ಲೋಟಕ್ಕೆ ಕೈ ಚಾಚಿದರು, ಬಲಗೈಯನ್ನೇ. ಅರ್ಧ ಟೀ ಖಾಲಿ ಹಲಗೆಯ ಮೇಲೆ ಚೆಲ್ಲಿತು. ಉಳಿದರ್ಧವನ್ನು ಅವರು ಅದೇ ಕೈಯಲ್ಲಿ, ಇಬ್ಬರ ಎದುರಿಗೇ, ನಿಧಾನವಾಗಿ ಕುಡಿದು ಮುಗಿಸಿದರು.