ಮೂರು ಮುಚ್ಚಳ

"ರಸ್ತೆ ನಿಮ್ಮಪ್ಪಂದೇನೇ? ಎಲ್ಲಿ ಅಗೀಬೇಕು, ಎಲ್ಲಿ ಅಗೀಬಾರದು ಅಂತ ನೀನು ನಂಗೆ ಹೇಳ್ಕೊಡ್ತೀಯಾ, ಪೊರಕೆ ಹಿಡಿಯೋ ಮುಂಡೆ."

ಹೆಲ್ತ್ ಇನ್ಸ್‌ಪೆಕ್ಟರ್ ಹೀಗೆ ಬೈಯುವಾಗ ಅವನ ಕಣ್ಣು ಬೀದಿ ಗುಡಿಸುವ ಉದ್ದಕ್ಕನ ಮೇಲಿರಲಿಲ್ಲ, ತನ್ನ ಬೂಟಿನ ಮೇಲಿತ್ತು. ಬೂಟಿನ ಅಂಚಿಗೆ ಕಪ್ಪು ನೀರು ತಾಗಿತ್ತು. ಬೆಳಗಿನಿಂದ ಮೂರು ಸಲ ತೊಳೆದು ಸುಣ್ಣದ ಪುಡಿ ಚೆಲ್ಲಿದ್ದರೂ ಆ ನೀರು ವೇದಿಕೆಯ ಬಲಕ್ಕಿದ್ದ ಗುಂಡಿಯಿಂದ ಉಕ್ಕಿ, ಹೊಸ ಡಾಂಬರಿನ ಮೇಲೆ ಹರಿದು, ಯಾರೋ ಕರೆದಿದ್ದಾರೇನೋ ಎಂಬಂತೆ ನೇರವಾಗಿ ಕೆಂಪು ಹಾಸಿನ ಕಡೆಗೇ ಬರುತ್ತಿತ್ತು. ಎಂಟು ಗಂಟೆ ಹೊಡೆದಿತ್ತು. ಹತ್ತಕ್ಕೆ ಮೇಯರಮ್ಮ ಬರುವವಳಿದ್ದಳು.

ಉದ್ದಕ್ಕ ಬೈಗುಳಕ್ಕೆ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೂ ಅವಳು ಇನ್ಸ್‌ಪೆಕ್ಟರಿಗಿಂತ ಒಂದು ಗೇಣು ಎತ್ತರವೇ. ಅವಳು ಹೇಳಿದ್ದು ಇಷ್ಟೇ: ಈ ಬೀದಿಯ ಕೆಳಗಿನ ಒಳಚರಂಡಿಗೆ ಮೂರು ಮುಚ್ಚಳ. ಒಂದು ಇಲ್ಲಿ ಗೋಡೆಯ ಪಕ್ಕ. ರೋಲರು ಮೂಲೆಗೆ ಬರಲಾಗದೆ ಇದೊಂದು ಉಳಿದುಕೊಂಡಿದೆ. ಎರಡನೆಯದು ಇಲ್ಲಿಂದ ಇಪ್ಪತ್ತೆರಡು ಹೆಜ್ಜೆಗೆ, ವೇದಿಕೆಯ ಮುಂದೆ. ಮೂರನೆಯದು ಅಲ್ಲಿಂದ ಮತ್ತೆ ಇಪ್ಪತ್ತೆರಡು ಹೆಜ್ಜೆಗೆ, ಈಗ ಕುರ್ಚಿ ಹಾಕಿರುವ ಕಡೆ. ಆ ಎರಡನ್ನೂ ಗುರುವಾರ ಡಾಂಬರಿನಲ್ಲಿ ಹೂತಿದ್ದಾರೆ. ಹೂಳುವ ದಿನವೇ ಅವಳು ಡಾಂಬರಿನ ಮೇಸ್ತ್ರಿಗೆ ಹೇಳಿದ್ದಳು. ಅವನು, ಮೇಯರ್ ನಡೆಯೋ ರಸ್ತೆ ಕನ್ನಡಿ ಥರ ಇರಬೇಕಂತೆ, ಕನ್ನಡೀಲಿ ಎಲ್ಲಾದ್ರೂ ಮುಚ್ಚಳ ಇರುತ್ತಾ ಎಂದು ನಕ್ಕಿದ್ದ.

ಪ್ರತಿ ಸೋಮವಾರ ಕಸದ ಗಾಡಿಗಳ ಧ್ವನಿವರ್ಧಕದಲ್ಲಿ ಮೇಯರಮ್ಮನ ವಾರದ ಮಾತು ಬರುತ್ತಿತ್ತು. ಗಾಡಿಯ ಹಿಂದೆ ನಡೆಯುವವರಿಗೆ ಅದು ಬಾಯಿಪಾಠ. 'ನನ್ನ ಮನೆಮಂದಿಯೇ' ಎಂದು ಶುರು, ದನಿ ಬೆಣ್ಣೆ. ಭಾನುವಾರ ಮಕ್ಕಳ ಚಿತ್ರಸ್ಪರ್ಧೆ, ರಕ್ತದಾನ ಶಿಬಿರ, ಆರೋಗ್ಯಕ್ಕಾಗಿ ಸಾಮೂಹಿಕ ನಡಿಗೆ. ಆಮೇಲೆ ನಗರದ ಆದ್ಯತೆಗಳು: ಒಂದು ರಸ್ತೆ, ಎರಡು ಬೀದಿದೀಪ, ಮೂರು ಸ್ವಚ್ಛತೆ. ಈ ವಾರ ಮೂರನೆಯದಕ್ಕೆ ಬಾಲ ಸೇರಿತ್ತು. ಅದೇ ಭಾನುವಾರ ಚರಂಡಿ ತೊಳೆಯುವ ಯಂತ್ರದ ಲೋಕಾರ್ಪಣೆ, ಹನ್ನೆರಡು ಮಂದಿ ಸ್ವಚ್ಛತಾ ಕಾರ್ಮಿಕರಿಗೆ ಸನ್ಮಾನ, ಅವರ ಕೆಲಸ ಕಾಯಂ.

ಆ ಹನ್ನೆರಡರಲ್ಲಿ ಉದ್ದಕ್ಕನ ತಮ್ಮನೂ ಒಬ್ಬ. ಗುಂಡಿಗೆ ಇಳಿದಾಗೆಲ್ಲ ಕೈಯಲ್ಲಿ ಏನಾದರೊಂದು ಹಿಡಿದೇ ಮೇಲೆ ಬರುತ್ತಿದ್ದನಾದ್ದರಿಂದ ಅವನನ್ನು ಎಲ್ಲರೂ ಮಿಂಚುಳ್ಳಿ ಎನ್ನುತ್ತಿದ್ದರು. ಒಮ್ಮೆ ಚಮಚ, ಒಮ್ಮೆ ಬೊಂಬೆಯ ಕಾಲು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಏಳು ವರ್ಷದಿಂದ ದಿನಗೂಲಿ. ಹೊಸ ನೀಲಿ ಸಮವಸ್ತ್ರ ಹಾಕಿಕೊಂಡು ಉಳಿದ ಹನ್ನೊಂದು ಜನರ ಜೊತೆ ಅವನೂ ವೇದಿಕೆಯ ಬಳಿ ನಿಂತಿದ್ದ. ತೋಳಿನ ಮೇಲಿನ ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು.

"ಬಿಚ್ಚೋ ಅದನ್ನ," ಎಂದ ಇನ್ಸ್‌ಪೆಕ್ಟರ್. "ಹಳೇ ಚಡ್ಡಿ ಹಾಕ್ಕೊಂಡು ಇಳಿ. ಕಟ್ಟಿದ್ದು ಬಿಡಿಸಿ ಮೈ ತೊಳ್ಕೊಂಡು ಬಂದು ಮತ್ತೆ ಹಾಕ್ಕೋ."

"ಮೆಷಿನ್ ಬಂದು ನಿಂತಿದೆಯಲ್ಲ ಸಾರ್."

ಯಂತ್ರ ನಿಜವಾಗಿಯೂ ಅಲ್ಲೇ ನಿಂತಿತ್ತು. ಹಳದಿ ಬಣ್ಣ, ಆನೆಯ ಸೊಂಡಿಲಿನಂಥ ಕೊಳವೆ, ಸೊಂಡಿಲಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ, ಕುತ್ತಿಗೆಗೆ ಅಡ್ಡವಾಗಿ ರೇಷ್ಮೆ ರಿಬ್ಬನ್ನು.

"ಉದ್ಘಾಟನೆ ಆಗದೆ ಮುಟ್ಟಂಗಿಲ್ಲ. ಹೇಲು ಮೆತ್ತಿದ ಮೆಷಿನ್ನಿಗೆ ಮೇಡಂ ರಿಬ್ಬನ್ ಕತ್ತರಿಸ್ತಾರೇನೋ?"

"ಅದೂ ಸರಿ. ಮದುವೆಗೆ ಮುಂಚೆ ಮದುಮಗಳನ್ನ ಮುಟ್ಟಬಾರದು," ಎಂದ ಮಿಂಚುಳ್ಳಿ. ಹನ್ನೊಂದು ಜನ ಕಿಸಕ್ಕನೆ ನಕ್ಕರು.

ಇನ್ಸ್‌ಪೆಕ್ಟರ್ ನಗಲಿಲ್ಲ. ಜೇಬಿನಿಂದ ಮಡಿಸಿದ ಹಾಳೆಯ ತುದಿಯನ್ನಷ್ಟೇ ಎಳೆದು ತೋರಿಸಿದ. "ಹನ್ನೆರಡು ಹೆಸರು ಟೈಪ್ ಆಗಿದೆ ಮಗನೆ. ಹನ್ನೊಂದು ಓದೋಕೆ ಮೇಡಂಗೇನೂ ಕಷ್ಟ ಆಗಲ್ಲ."

ನಗು ನಿಂತುಹೋಯಿತು.

ಉದ್ದಕ್ಕ ಒಂದು ಗಂಟೆಯ ಸಮಯ ಕೇಳಿದ್ದಳು. ಎರಡು ಮುಚ್ಚಳ ಕಿತ್ತು ಗಾಳಿಗೆ ಬಿಡುತ್ತೇವೆ, ಆಮೇಲೆ ನಾವೇ ಜಲ್ಲಿ ತುಂಬಿ ಮೆತ್ತುತ್ತೇವೆ ಎಂದಿದ್ದಳು. ಅದಕ್ಕೇ ಅವಳಿಗೆ ರಸ್ತೆ ನಿಮ್ಮಪ್ಪಂದೇ ಎಂಬ ಆ ಬೈಗುಳ ಸಿಕ್ಕಿದ್ದು. ಪಕ್ಕದಲ್ಲಿ ಅವರ ಚರಂಡಿ ಗುಂಪಿನ ಮೇಸ್ತ್ರಿ ಇದ್ದ. ಅವಳ ತಾಯಿಯ ತಮ್ಮ, ಸ್ವಂತ ಮಾವ. ಹತ್ತು ವರ್ಷದ ಹಿಂದೆ ಖಾಕಿ ಅಂಗಿ ಹಾಕಿದಂದಿನಿಂದ ಅವನು ಹಗ್ಗ ಮುಟ್ಟಿರಲಿಲ್ಲ. ಅವಳು ಅವನ ಮುಖ ನೋಡಿದಳು. ಅವನು ಕೊರಳಿಗೆ ನೇತುಹಾಕಿಕೊಂಡ ಸೀಟಿಯನ್ನು ಒರೆಸತೊಡಗಿದ.

ಅವಳ ಅಜ್ಜಿ ರಾತ್ರಿಯ ಊಟದ ಹೊತ್ತಿಗೆ ಕಥೆ ಹೇಳುತ್ತಿದ್ದಳು. ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲಿ ಗಿಣಿ, ಗಿಣಿಯೊಳಗೆ ರಾಕ್ಷಸನ ಪ್ರಾಣ. ಹಾಗಾದರೆ ದಿನಾ ಚರಂಡಿಗೆ ಇಳಿಯೋ ಅಪ್ಪನ ಪ್ರಾಣ ಎಲ್ಲಿದೆ ಅಜ್ಜಿ ಎಂದು ಆಗಿನ್ನೂ ತೊಡೆಯ ಮೇಲೆ ಕೂರುತ್ತಿದ್ದ ಮಿಂಚುಳ್ಳಿ ಕೇಳಿದ್ದ. ಮೂರು ಮುಚ್ಚಳದೊಳಗೆ ಇದೆ ಕಂದ ಎಂದಿದ್ದಳು ಅಜ್ಜಿ. ಒಂದರಲ್ಲಿ ಮನುಷ್ಯ ಇಳೀತಾನೆ, ಒಂದರಲ್ಲಿ ಕೆಟ್ಟ ಗಾಳಿ ಹೋಗುತ್ತೆ, ಒಂದರಲ್ಲಿ ಒಳ್ಳೆ ಗಾಳಿ ಬರುತ್ತೆ. ಯಾವುದೊಂದು ಮುಚ್ಚಿದ್ರೂ ಇಳೀಬಾರದು. ಆ ಮನೆಯಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುತ್ತಿದ್ದದ್ದು ಇದು. ಇನ್ನೊಂದೂ ಇತ್ತು: ಹಗ್ಗ ಹಿಡಿಯುವವರು ಒಡಹುಟ್ಟಿದವರೋ ರಕ್ತಸಂಬಂಧಿಯೋ ಆಗಿರಬೇಕು. ಪರರ ಕಣ್ಣು ಪಕ್ಕಕ್ಕೆ ಹೊರಳೀತು.

ಮಿಂಚುಳ್ಳಿ ಸಮವಸ್ತ್ರವನ್ನು ಮಡಿಸಿ ಅಕ್ಕನ ಕೈಗಿಟ್ಟ. ಅವಳು ಈಸಿಕೊಳ್ಳಲಿಲ್ಲ, ಅವನೇ ಗೋಡೆಯ ಮೇಲಿಟ್ಟ. ಹಾರೆ ಹಾಕಿ ಮುಚ್ಚಳ ಎತ್ತಿ, ತುಂಬಿ ನಿಂತ ನೀರನ್ನು ಬಕೆಟ್ಟಿನಲ್ಲಿ ಮೊಗೆದು ತಗ್ಗಿಸಿದರು. ಇಂಥ ಹೊತ್ತಿನಲ್ಲಿ ಜಿರಳೆಗಳು ಮಂದೆ ಮಂದೆಯಾಗಿ ಓಡಿಬರಬೇಕು. ಬಂದರೆ ಒಳಗೆ ಉಸಿರಿದೆ ಎಂದರ್ಥ. ಇಬ್ಬರೂ ಬಗ್ಗಿ ಕಾದರು. ಒಂದೂ ಬರಲಿಲ್ಲ.

"ಬೇಡ ಕಣೋ," ಎಂದಳು.

"ಮೇಯರಮ್ಮನ ಭಾಷಣ ಕೇಳೋಕೆ ಮುಂದಿನ ಸಾಲಲ್ಲಿ ಕೂತಿರ್ತಾವೆ ಬಿಡಕ್ಕ."

"ತಮಾಷೆ ಸಾಕು. ಹೋದ್ರೆ ಹೋಗ್ಲಿ ಆ ಕಾಯಂ."

"ಏಳು ವರ್ಷ ಹೋಗ್ಲಿ ಅಂದಿದ್ದಾಯ್ತಲ್ಲ." ಕಂಕುಳಡಿ ಹಗ್ಗ ಬಿಗಿದುಕೊಂಡ. "ಇವತ್ತೊಂದಿನ. ನಾಳೆಯಿಂದ ಆ ಮದುಮಗಳು ಇಳೀತಾಳೆ, ನಾನು ಪಕ್ಕದಲ್ಲಿ ಬೀಡಿ ಸೇದ್ತಾ ನಿಂತಿರ್ತೀನಿ."

ಬಿದಿರ ದಬ್ಬೆ ಹಿಡಿದು ಸೊಂಟದವರೆಗೆ, ಎದೆಯವರೆಗೆ, ಆಮೇಲೆ ಕಾಣದಂತೆ ಇಳಿದ. ಹಳೆಯ ಇಟ್ಟಿಗೆಯ ಚರಂಡಿ, ಕುಕ್ಕುರುಗಾಲಲ್ಲಿ ತೆವಳಬಹುದು. ತಡೆ ಕಟ್ಟಿದ್ದು ಇಲ್ಲಲ್ಲ ಅಕ್ಕ, ಇನ್ನೂ ಒಳಗಿದೆ ಎಂಬ ಅವನ ಮಾತು ಗಡಿಗೆಯೊಳಗಿಂದ ಬಂದಂತೆ ಕೇಳಿತು. ಹಗ್ಗ ವೇದಿಕೆಯ ಕಡೆಗೆ ಸರಿಯತೊಡಗಿತು.

ಯಾರಿಗೂ ಕಾಣಬಾರದೆಂದು ಇನ್ಸ್‌ಪೆಕ್ಟರ್ ಒಂದು ದೊಡ್ಡ ಫ್ಲೆಕ್ಸನ್ನು ತರಿಸಿ ಗುಂಡಿಗೆ ಅಡ್ಡ ಕಟ್ಟಿಸಿದ. ಆಚೆ ಕುಳಿತವರಿಗೆ ಮೇಯರಮ್ಮನ ನಗುಮುಖ. ಈಚೆ ಉದ್ದಕ್ಕನಿಗೆ ಬರೀ ಬಿಳಿ ಬೆನ್ನು, ನಾಲ್ಕು ಕಡ್ಡಿ, ಗಾಳಿಗೆ ಪಟಪಟ ಸದ್ದು. ಅವಳು ಮೂವತ್ತು ಎಣಿಸಿ ಹಗ್ಗವನ್ನೊಮ್ಮೆ ಜಗ್ಗುವುದು, ಕೆಳಗಿಂದ ಅವನೊಮ್ಮೆ ಜಗ್ಗುವುದು. ಇದ್ದೀಯಾ? ಇದ್ದೀನಿ. ಇದ್ದೀಯಾ? ಇದ್ದೀನಿ.

ಮೇಯರಮ್ಮ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಳು. ಮುಂದೆ ಬೇರೊಂದು ಕಾರ್ಯಕ್ರಮ ಇತ್ತಂತೆ. ಚಪ್ಪಾಳೆ ಕೇಳಿಸಿತು, ಮಕ್ಕಳ ಹಾಡು ಕೇಳಿಸಿತು, ಆಮೇಲೆ ಆ ಬೆಣ್ಣೆಯ ದನಿ.

"ನನ್ನ ಮನೆಮಂದಿಯೇ, ಈ ವಾರ ನಮ್ಮ ನಗರಕ್ಕೆ ಬಹಳ ಸಂತೋಷದ ವಾರ."

ಉದ್ದಕ್ಕ ಜಗ್ಗಿದಳು. ಉತ್ತರ ಬಂತು, ಆದರೆ ತಡವಾಗಿ. ತೂಕಡಿಸುವವನನ್ನು ಕರೆದಾಗ ಹೂಂ ಎಂದಂತೆ.

ಅವಳು ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡು ಹಿಂದಕ್ಕೆ ವಾಲಿದಳು. ಅಷ್ಟರಲ್ಲಿ ಇನ್ಸ್‌ಪೆಕ್ಟರಿನ ಬೂಟು ಬಂದು ಹಗ್ಗದ ಮೇಲೆ ನಿಂತಿತು.

"ಈಗ ಬೇಡ," ಎಂದ ಪಿಸುದನಿಯಲ್ಲಿ. "ಮೇಡಂ ಮಾತಾಡ್ತಿದ್ದಾರೆ. ಮೈಯೆಲ್ಲ ಮೆತ್ಕೊಂಡು ಆ ನನ್ಮಗ ಮೇಲೆ ಬಂದ್ರೆ ವಾಸನೆ ಮುಂದಿನ ಸಾಲಿಗೆ ಹೊಡೆಯುತ್ತೆ. ಹತ್ತು ನಿಮಿಷ ಒಳಗೇ ಇರ್ಲಿ. ಅವನಿಗೇನು, ಅಭ್ಯಾಸ ಇದೆ."

"ಕಾಲು ತೆಗೀರಿ ಸಾರ್."

"ಹತ್ತು ನಿಮಿಷ ಅಂದೆ."

"ನಮ್ಮ ಆದ್ಯತೆಗಳಲ್ಲಿ ಮನುಷ್ಯನ ಘನತೆಗಿಂತ ದೊಡ್ಡದು ಯಾವುದೂ ಇಲ್ಲ," ಎನ್ನುತ್ತಿದ್ದಳು ಮೇಯರಮ್ಮ. "ಇಂದಿನಿಂದ ಈ ನಗರದಲ್ಲಿ ಯಾವ ಮನುಷ್ಯನೂ ಚರಂಡಿಗೆ ಇಳಿಯುವುದಿಲ್ಲ."

ಮಳೆ ಬಿದ್ದಂತೆ ಚಪ್ಪಾಳೆ. ಆ ಚಪ್ಪಾಳೆಯ ನಡುವೆ ಉದ್ದಕ್ಕ ಬೂಟಿನ ಆಚೆಗಿದ್ದ ಹಗ್ಗಕ್ಕೆ ಕೈಹಾಕಿ ಜಗ್ಗಿದಳು. ಮೂವತ್ತು ಎಣಿಸಿದಳು. ಐವತ್ತು ಎಣಿಸಿದಳು. ಹಗ್ಗ ಸತ್ತ ಹಾವಿನಂತೆ ಬಿದ್ದಿತ್ತು.

ಎಳೆದು ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಡ್ಡ ಚರಂಡಿಯೊಳಗೆ ಮೈ ಸಡಿಲಬಿಟ್ಟವನನ್ನು ಎಳೆದರೆ ತಿರುವಿನಲ್ಲಿ ಭುಜ ಸಿಕ್ಕಿಕೊಳ್ಳುತ್ತದೆ. ಅವಳ ಅಪ್ಪನನ್ನು ಹಾಗೆ ಎಳೆದೇ ಹೆಣವಾಗಿ ಹೊರಗೆ ತಂದದ್ದು. ಹೊರಗುಳಿದ ಹಗ್ಗ ನೋಡಿ ಒಳಗೆ ಹೋದದ್ದೆಷ್ಟೆಂದು ಅವಳು ಕಣ್ಣಲ್ಲೇ ಅಳೆದಳು. ಇಳಿದ ಆಳ ಕಳೆದರೆ ಇಪ್ಪತ್ತು, ಇಪ್ಪತ್ತೊಂದು ಹೆಜ್ಜೆ. ತಮ್ಮ ಈಗ ಈ ಗುಂಡಿಯ ಹತ್ತಿರ ಇಲ್ಲ, ಎರಡನೆಯದರ ಹತ್ತಿರ ಇದ್ದಾನೆ. ಮೇಯರಮ್ಮನ ಪಾದದ ಬುಡದಲ್ಲಿ.

"ಮಾವ, ಹಿಡ್ಕೋ," ಎಂದಳು.

ಮೇಸ್ತ್ರಿ ಇನ್ಸ್‌ಪೆಕ್ಟರನ್ನು ನೋಡಿದ, ಹಗ್ಗ ನೋಡಿದ.

"ನಿನ್ನ ಅಕ್ಕನ ಮಗ ಅವನು. ಹಿಡ್ಕೋ. ನಾನು ಕೂಗಿದಾಗ ಸಡಿಲ ಬಿಡು."

ಖಾಕಿ ಅಂಗಿಯವನು ಮುಂದೆ ಬಂದು, ಇನ್ಸ್‌ಪೆಕ್ಟರಿನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದ. ಹಗ್ಗವನ್ನು ಹತ್ತು ವರ್ಷದ ಹಿಂದೆ ಹಿಡಿಯುತ್ತಿದ್ದಂತೆಯೇ, ಎಡಗೈ ಮುಂದೆ ಬಲಗೈ ಸೊಂಟಕ್ಕೆ, ಹಿಡಿದ.

ಉದ್ದಕ್ಕ ಹಾರೆ ಎತ್ತಿಕೊಂಡಳು. ಫ್ಲೆಕ್ಸನ್ನು ಬಳಸಿ ಬಂದು ನಡೆಯತೊಡಗಿದಳು. ಓಡಲಿಲ್ಲ, ಓಡಿದರೆ ಎಣಿಕೆ ತಪ್ಪುತ್ತದೆ. ಒಂಬತ್ತು, ಹತ್ತು. ಮೊದಲ ಸಾಲಿನವರು ಸನ್ಮಾನಕ್ಕೆ ಬಂದವಳು ದಾರಿ ತಪ್ಪಿದಳೆಂದುಕೊಂಡರು. ಹದಿನೇಳು, ಹದಿನೆಂಟು. ಕೆಸರು ಕಾಲು ಕೆಂಪು ಹಾಸಿನ ಮೇಲೆ ಅಚ್ಚೊತ್ತಿತು. ಇಪ್ಪತ್ತೆರಡಕ್ಕೆ ನಿಂತು, ಹಾಸನ್ನು ಕಾಲಲ್ಲಿ ಒದ್ದು ಸರಿಸಿ, ಹಾರೆಯನ್ನು ತಲೆಯ ಮೇಲಕ್ಕೆತ್ತಿ ಕುಕ್ಕಿದಳು.

ಮೂರು ದಿನದ ಡಾಂಬರು. ಬಿಸಿಲಿಗೆ ಇನ್ನೂ ಮೆತ್ತಗಿತ್ತು. ಎರಡನೆಯ ಏಟಿಗೆ ಹಕ್ಕಳೆ ಎದ್ದಿತು. ನಾಲ್ಕನೆಯ ಏಟಿಗೆ ಕೆಳಗೆ ಕಬ್ಬಿಣ ಖಣ್ಣೆಂದಿತು. ಆ ಸದ್ದನ್ನು ಮೈಕು ಹಿಡಿದು ಬೀದಿಯ ಉದ್ದಕ್ಕೂ ಹಂಚಿತು.

ಮೇಯರಮ್ಮ ಸಿಟ್ಟಾಗಲಿಲ್ಲ. ಅವಳು ಸಿಟ್ಟಾಗುವವಳಲ್ಲ. "ಪಾಪ, ಆ ತಾಯಿಗೆ ಏನೋ ತೊಂದರೆ ಇದೆ," ಎಂದಳು ಮೈಕಿನಲ್ಲೇ. "ದಯವಿಟ್ಟು ಯಾರಾದರೂ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ. ಉಳಿದವರು ಕುಳಿತೇ ಇರಿ, ಕಾರ್ಯಕ್ರಮ ಮುಂದುವರಿಯುತ್ತದೆ."

ಯಾರೂ ಅವಳ ಹತ್ತಿರ ಬರಲಿಲ್ಲ. ಕೈಯಲ್ಲಿ ಹಾರೆ ಇತ್ತು.

ಅವಳು ಒಬ್ಬಳೇ ಮುಚ್ಚಳ ಮೀಟಿದಳು. ಕೊಳೆತ ಉಸಿರೊಂದು ಬುಸ್ಸೆಂದು ಎದ್ದಿತು. ಮುಂದಿನ ಸಾಲು ಕರವಸ್ತ್ರ ತೆಗೆಯಿತು, ಆಮೇಲೆ ಕುರ್ಚಿಗಳು ಬಿದ್ದ ಸದ್ದು. ಉದ್ದಕ್ಕ ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೂ ಕೈ ಇಳಿಬಿಟ್ಟು ತಡಕಾಡಿದಳು. ದೇವರು ಅವಳಿಗೆ ಉದ್ದ ಕೊಟ್ಟಿದ್ದು ಇದೊಂದಕ್ಕೇ ಏನೋ. ಕೈಗೆ ಕೂದಲು ಸಿಕ್ಕಿತು.

"ಮಾವ, ಬಿಡು," ಎಂದು ಕೂಗಿದಳು. ತಲೆ ಎತ್ತದೆಯೇ ವೇದಿಕೆಯ ಕಡೆಗೆ ಇನ್ನೊಂದು ಕೂಗು: "ಲೋ, ಗೊಂಬೆಗಳ ಥರ ಯಾಕ್ರೋ ನಿಂತಿದ್ದೀರಾ?"

ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ ಹನ್ನೊಂದು ಜನರಲ್ಲಿ ಮೊದಲು ಮುದುಕನೊಬ್ಬ ಕೆಳಕ್ಕೆ ಧುಮುಕಿದ. ಆಮೇಲೆ ಎಲ್ಲರೂ. ಹೊಸ ನೀಲಿ ಸಮವಸ್ತ್ರದಲ್ಲೇ ಒಬ್ಬನ ಕಾಲು ಇನ್ನೊಬ್ಬ ಹಿಡಿದು ಗುಂಡಿಯೊಳಕ್ಕೆ ಬಾಗಿದರು. ಮೇಲೆ ಬಂದದ್ದನ್ನು ಕೆಂಪು ಹಾಸಿನ ಮೇಲೆ ಮಲಗಿಸಿದರು. ಕಪ್ಪು ಕೆಸರಿನ ಮನುಷ್ಯ, ಬಾಯಿ ಅರ್ಧ ತೆರೆದಿತ್ತು. ಬೀದಿಯ ತುದಿಯ ರಕ್ತದಾನ ಶಿಬಿರದ ವೈದ್ಯೆ ಓಡಿಬಂದು ಮಂಡಿಯೂರಿ ಅವನ ಎದೆ ಒತ್ತತೊಡಗಿದಳು. ಅವಳ ಬಿಳಿ ಕೋಟು ಮೊಣಕೈವರೆಗೂ ಕಪ್ಪಾಯಿತು.

ಇನ್ಸ್‌ಪೆಕ್ಟರ್ ಓಡೋಡಿ ಬಂದ. ಇಲ್ಲಿ ಬೇಡ, ಫ್ಲೆಕ್ಸಿನ ಹಿಂದಕ್ಕೆ ಎತ್ತಿಕೊಂಡು ಹೋಗಿ, ಪತ್ರಿಕೆಯವರಿದ್ದಾರೆ ಎಂದು ಗೋಗರೆದ. ಒಂದು ಕೈ ಮಿಂಚುಳ್ಳಿಯ ಕಾಲಿಗೂ ಹಾಕಿದ.

ಉದ್ದಕ್ಕ ಆ ಕೈಯನ್ನು ಎತ್ತಿ ಅತ್ತ ಇಟ್ಟಳು.

"ಇಲ್ಲೇ ಇರ್ತಾನೆ. ಉಸಿರು ಬಂದ್ರೂ ಇಲ್ಲೇ ಬರ್ಲಿ, ಹೋದ್ರೂ ಇಲ್ಲೇ ಹೋಗ್ಲಿ." ಎದ್ದು ನಿಂತು ಮೇಯರಮ್ಮನನ್ನು ನೋಡಿದಳು. ನೆಲದ ಮೇಲೆ ನಿಂತರೂ ಅವಳ ಕಣ್ಣು ವೇದಿಕೆಯ ಮೇಲಿದ್ದವಳ ಎದೆಗೆ ಸಮವಾಗಿತ್ತು. "ಅಮ್ಮಾ, ಆಗ ಏನೋ ಹೇಳಿದ್ರಲ್ಲ, ಇಂದಿನಿಂದ ಯಾರೂ ಇಳಿಯಲ್ಲ ಅಂತ. ಇವನಿಗೆ ಕೇಳಿಸಿಲ್ಲ. ಇವನು ಕೆಳಗಿದ್ದ. ಇನ್ನೊಂದ್ಸಲ ಹೇಳಿ. ಇವನ ಮುಖ ನೋಡ್ಕೊಂಡು ಹೇಳಿ."

ಮೇಯರಮ್ಮ ಬಾಯಿ ತೆರೆದಳು. ಮೈಕು ಚಾಲೂ ಇತ್ತು. ಅವಳ ಉಸಿರಾಟ ಬೀದಿಯ ಎಲ್ಲ ಧ್ವನಿವರ್ಧಕಗಳಲ್ಲೂ ಕೇಳಿಸುತ್ತಿತ್ತು. ಕೆಳಗೆ ವೈದ್ಯೆ ಎಣಿಸುತ್ತಾ ಒತ್ತುತ್ತಿದ್ದಳು. ಹದಿನಾಲ್ಕು, ಹದಿನೈದು, ಹದಿನಾರು.