ಕೂತುಬಿಟ್ಟ ಜೀಪು

ಸಾಮ್ರಾಜ್ಯಗಳು ಕುಸಿದಿವೆ, ಸೇತುವೆಗಳು ಕುಸಿದಿವೆ. ಅವನ್ನೆಲ್ಲ ಬರೆದಿಡಲು ಬೇಕಾದಷ್ಟು ಜನರಿದ್ದಾರೆ. ಇಲ್ಲಿ ಹೇಳಬೇಕಾದದ್ದು ಅದಕ್ಕಿಂತ ಗಂಭೀರವಾದ ಕುಸಿತದ ವಿಚಾರ. ಒಂದು ಹಳೆಯ ಫೋರ್‌ವೀಲ್ ಡ್ರೈವ್ ಜೀಪಿಗೆ ಟ್ರೇಲರ್ ಕಟ್ಟಿದೊಡನೆ ಅದರ ಹಿಂಭಾಗ ನಾಲ್ಕು ಬೆರಳಿನಷ್ಟು ಕೆಳಗೆ ಕೂತುಬಿಟ್ಟಿತು.

ಜೀಪಿನ ಯಜಮಾನ ಸರ್ವೇಯರ್. ನೆಲದ ಏರುತಗ್ಗು ಅಳೆದೇ ಅನ್ನ ತಿನ್ನುವವನು. ಟ್ರೇಲರ್ ಅವನ ಹೆಂಡತಿಯದು. ಬೀದಿ ಕೊನೆಯ ಅಂಗಡಿಯಲ್ಲಿ ಕೂದಲು ಕತ್ತರಿಸುತ್ತಿದ್ದ ಅವಳು, ಗಿರಾಕಿ ಬರುವುದನ್ನು ಕಾಯುವ ಬದಲು ಗಿರಾಕಿ ಇದ್ದಲ್ಲಿಗೇ ಹೋಗುವುದೆಂದು ತೀರ್ಮಾನಿಸಿ, ಟ್ರೇಲರಿನೊಳಗೆ ತಿರುಗುವ ಕುರ್ಚಿ, ಕನ್ನಡಿ, ತಲೆ ತೊಳೆಯುವ ಬೇಸಿನ್ನು ಎಲ್ಲ ಕೂರಿಸಿದ್ದಳು. ಬೇಸಿನ್ನಿನ ಪಕ್ಕ, ಟ್ರೇಲರಿನ ಮೂತಿಯಲ್ಲೇ, ದೊಡ್ಡದೊಂದು ನೀರಿನ ಟ್ಯಾಂಕು.

"ಮೊದಲ ಆರ್ಡರು ಗುಡ್ಡದ ಮೇಲಿನ ತರಬೇತಿ ಶಾಲೇದು," ಎಂದು ಅವಳು ಹೇಳಿದ್ದಳು. "ನಿಮ್ಮ ಜೀಪು ಎಳೀತು ಅಂದ್ರೆ ಸರಿ. ಇಲ್ಲಾಂದ್ರೆ ಮಾರಿ ವ್ಯಾನ್ ತಗೊಳ್ಳೋಣ. ಆಮೇಲೆ ಮೂಲೇಲಿ ಕೂತು ಅಳಬಾರದು."

"ಎಳೆಯೋದಾ? ಅದು ಗುಡ್ಡಾನೇ ಎಳ್ಕೊಂಡು ಬರುತ್ತೆ ಕಣೇ!" ಎಂದಿದ್ದ ಅವನು.

ಅವಳು ಅಂಗಡಿಯಲ್ಲಿದ್ದಾಗ ಗುಟ್ಟಾಗಿ ಕೊಂಡಿ ಹಾಕಿ ನೋಡಿದ. ಜೀಪು, ಮೂಗಿಗೆ ಔಷಧ ಹಾಕಿಸಿಕೊಳ್ಳುವವನ ಹಾಗೆ, ಮುಖ ಮೇಲೆತ್ತಿ ನಿಂತಿತು. ಮದುವೆಗಿಂತ ಮೊದಲಿನ ಜೀಪು ಅದು. ಓಡಿದ್ದು ಮೆಕ್ಯಾನಿಕ್ ಬಳಿಗೆ. ಬೀದಿಯೆಲ್ಲ ಪಾನಾ ಎಂದು ಕರೆಯುವ ಆತ ಕೆಳಗೆ ತೂರಿ ನೋಡಿ, "ಸ್ಪ್ರಿಂಗಿಗೆ ಇನ್ನೆರಡು ಪ್ಲೇಟು ಸೇರಿಸ್ತೀನಿ ಸಾರ್. ಆಮೇಲೆ ಮನೇನೇ ಕಟ್ಕೊಂಡು ಹೋಗಿ," ಎಂದ.

ಪ್ಲೇಟು ಸೇರಿತು. ಟ್ರೇಲರಿಲ್ಲದೆ ಓಡಿಸಿದರೆ ಜೀಪು ಒಂದು ಬೆಣಚುಕಲ್ಲು ಸಿಕ್ಕರೂ ಸವಾರನ ತಲೆಯನ್ನು ಚಾವಣಿಗೆ ಪರಿಚಯಿಸುತ್ತಿತ್ತು. ಆದರೂ ಟ್ರೇಲರ್ ಕಟ್ಟಿದರೆ ಎರಡು ಬೆರಳು ತಗ್ಗು ಉಳಿದೇ ಉಳಿಯಿತು. ಇನ್ಯಾರಾದರೂ ಆಗಿದ್ದರೆ ಮತ್ತೆ ಪಾನಾನ ಬಳಿ ಹೋಗುತ್ತಿದ್ದರು. ಇವನು ಸರ್ವೇಯರ್. ಮನೆ ಮುಂದಿನ ರಸ್ತೆ ಎಲ್ಲಿ ಎಷ್ಟು ಇಳಿಜಾರು ಎಂಬುದು ಅವನಿಗೆ ಬಾಯಿಪಾಠ. ಮೂತಿ ಇಳಿಜಾರಿನ ಕಡೆಗಿರುವಂತೆ, ಲೆಕ್ಕ ಹಾಕಿ, ಟ್ರೇಲರ್ ಸಮೇತ ಜೀಪನ್ನು ನಿಲ್ಲಿಸಿದ. ನೋಡಿದವರ ಕಣ್ಣಿಗೆ ಊಟದ ಮೇಜಿನಷ್ಟು ಮಟ್ಟ.

"ಪರವಾಗಿಲ್ವೇ!" ಎಂದಳು ಹೆಂಡತಿ. ಅವನು ವಿನಯದಿಂದ ತಲೆ ತಗ್ಗಿಸಿದ.

ಆರ್ಡರಿನ ದಿನ ಬೆಳಿಗ್ಗೆ ಅವಳು ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿದಳು. ಖಾಲಿ ಟ್ಯಾಂಕಿನಲ್ಲೇ ಪರೀಕ್ಷೆ ಮುಗಿಸಿದ್ದ ಗಂಡನಿಗೆ ಇದು ಹೊಸ ಸುದ್ದಿ. ಮೇಲ್ವಿಚಾರಣೆಗೆಂದು ಅವಳ ತಾಯಿಯೂ ಹಿಂದಿನ ಸೀಟಿನಲ್ಲಿ ಆಸೀನರಾದರು.

ಸಮತಟ್ಟು ರಸ್ತೆಗೆ ಬಂದೊಡನೆ ಸ್ಟೇರಿಂಗು ಹತ್ತಿಯಷ್ಟು ಹಗುರವಾಯಿತು.

"ಅಳಿಯಂದ್ರೇ, ನಂಗೆ ಬರೀ ಮೋಡ ಕಾಣ್ತಿದೆ. ರಸ್ತೆ ಎಲ್ಲೋಯ್ತು?"

"ಅದು ಏರು ಅತ್ತೆ, ಅದಕ್ಕೇ."

"ಏರು ಇನ್ನೂ ಬಂದೇ ಇಲ್ವಲ್ಲಪ್ಪ!"

ಗುಡ್ಡದ ಬುಡದ ತಿರುವಿನಲ್ಲಿ ಅವನು ಸ್ಟೇರಿಂಗು ತಿರುಗಿಸಿದ. ಜೀಪು ಮಾತ್ರ ಸ್ವಲ್ಪ ಯೋಚಿಸಿ, ನೇರವಾಗಿಯೇ ಹೋಗಿ, ಲಾರಿಗಳು ನಿಲ್ಲುವ ಬಯಲಿಗೆ ನುಗ್ಗಿ ನಿಂತಿತು. ಹೆಂಡತಿ ಇಳಿದಳು. ಸುತ್ತಿ ಬಂದು ನೋಡಿದಳು. ಅವನು ತಾನಾಗಿಯೇ ಇಳಿಜಾರಿನ ಲೆಕ್ಕವನ್ನೆಲ್ಲ ಒಪ್ಪಿಸಿದ.

"ಏನ್ರೀ! ಜೀಪಿಗೆ ಮೇಕಪ್ ಮಾಡಿದ್ರಾ? ಅದು ನನ್ನ ಕಸುಬು ಕಣ್ರೀ!" ಎಂದು ನಗತೊಡಗಿದವಳು ಹಿಂದಿನ ಬಂಪರಿನ ಮೇಲೇ ಕೂತುಬಿಟ್ಟಳು. ಬಂಪರು ಇನ್ನೂ ಕೆಳಗಿಳಿಯಿತು.

"ಏಳೇ, ಮೊದಲೇ ಭಾರ! ನೋಡು, ಟ್ಯಾಂಕಿನ ಭಾರವೆಲ್ಲ ಕೊಂಡಿ ಮೇಲೆ, ಕೊಂಡಿ ಜೀಪಿನ ಬಾಲದ ಮೇಲೆ. ಟ್ಯಾಂಕು ಟ್ರೇಲರಿನ ಚಕ್ರದ ಮೇಲಕ್ಕೆ ಸರಿದ್ರೆ ಭಾರ ಚಕ್ರಕ್ಕೆ ಹೋಗುತ್ತೆ."

ತುಂಬಿದ ಟ್ಯಾಂಕು ಕದಲಲಿಲ್ಲ. ನೀರು ಚೆಲ್ಲೋಣ ಎಂದ. "ಚೆಲ್ಲೋದಾ? ಹೊತ್ತಾರೆ ಎದ್ದು ತುಂಬಿಸಿದ್ದೀನಿ!" ಎಂದವಳೇ ಕುರ್ಚಿಯ ಧೂಳು ಕೊಡವಿ, ಟೀ ಕುಡಿಯುತ್ತಿದ್ದ ಲಾರಿ ಡ್ರೈವರುಗಳತ್ತ ಕೂಗಿದಳು: "ಅಣ್ಣಂದಿರಾ, ತಲೆ ತೊಳೀತೀವಿ, ಬಿಟ್ಟಿ! ಬೇಗ ಬನ್ನಿ, ಜೀಪು ಮೇಲೇಳ್ಬೇಕು!"

ಅರ್ಥವಾಗದಿದ್ದರೂ ಬಂದರು. ಒಂದೊಂದು ತಲೆಯೂ ನೊರೆಯಾಗಿ, ತೊಳೆದು, ನೀರು ಕೊಳವೆಯಿಂದ ಬಯಲಿಗಿಳಿಯುತ್ತಿದ್ದಂತೆ, ಅತ್ತೆ ಟೈರು ಮತ್ತು ಮಡ್‌ಗಾರ್ಡಿನ ನಡುವೆ ಕೈ ತೂರಿಸಿ ಘೋಷಿಸಿದರು: "ಒಂದು ಬೆರಳು ಬಂತು!" ಬಯಲಿಗೆ ಬಯಲೇ ಚಪ್ಪಾಳೆ ತಟ್ಟಿತು.

"ನನ್ನ ಗಡ್ಡಾನೂ ತೊಳೀರಕ್ಕ, ಅರ್ಧ ಬೆರಳಾದ್ರೂ ಎದ್ದೀತು," ಎಂದನೊಬ್ಬ. ಸಾಲಿನಲ್ಲಿ ಬೊಕ್ಕತಲೆಯವನೊಬ್ಬನೂ ನಿಂತಿದ್ದ.

"ನಿಮ್ಮಿಂದ ಏನ್ ಪ್ರಯೋಜನ ಅಣ್ಣ? ಒಂದು ಚೊಂಬಲ್ಲಿ ಮುಗ್ದೋಗುತ್ತೆ."

"ಎರಡು ಸಲ ತೊಳೀರಿ! ಜೀಪಿನ ವಿಷಯದಲ್ಲಿ ಯಾಕೆ ಜುಗ್ಗತನ?"

ಟ್ಯಾಂಕು ಅರ್ಧವಾದಾಗ, ಮಿರಮಿರ ಮಿಂಚುವ ತಲೆಯ ಡ್ರೈವರುಗಳೆಲ್ಲ ಸೇರಿ ಉತ್ಸಾಹದಿಂದ ತಳ್ಳಿ, ಅದನ್ನು ಟ್ರೇಲರಿನ ಹಿಂಗೋಡೆಗೇ ಮುಟ್ಟಿಸಿದರು. ಕೊಂಡಿ ಮೇಲೆದ್ದು ಜೀಪಿನ ಬಾಲವನ್ನೂ ಎತ್ತಿಬಿಟ್ಟಿತು.

"ಅಷ್ಟು ಹಿಂದೆ ಬೇಡ್ರೋ! ಟ್ರೇಲರು ಕುಡಿದವನ ಹಾಗೆ ತೂರಾಡುತ್ತೆ!" ಎಂದು ಸರ್ವೇಯರ್ ಕುಣಿದಾಡಿದ. ಎಳೆದರು, ತಳ್ಳಿದರು, ಕೊನೆಗೆ ಚಕ್ರದ ನೇರಕ್ಕಿಂತ ಗೇಣಷ್ಟೇ ಮುಂದೆ ಕೂರಿಸಿ ಬಿಗಿದರು. ಅವನು ಚೀಲದಿಂದ ರಸಮಟ್ಟ ತೆಗೆದು ಜೀಪಿನ ಬಾಗಿಲಂಚಿನ ಮೇಲಿಟ್ಟ. ಗುಳ್ಳೆ ಆಚೀಚೆ ಓಡಾಡಿ, ನಡುವೆ ಬಂದು ನಿಂತಿತು. ಈ ಸಲ ನೆಲವೂ ಮಟ್ಟಸವೇ ಎಂದು ಹೆಂಡತಿ ಖುದ್ದಾಗಿ ಬಗ್ಗಿ ನೋಡಿದಳು.

ಗುಡ್ಡ ಹತ್ತುವಾಗ ಜೀಪು ಹೇಳಿದ ಕಡೆಗೇ ತಿರುಗಿತು. ಸಂಜೆಯೊಳಗೆ ತರಬೇತಿ ಶಾಲೆಯವರ ಕೂದಲೆಲ್ಲ ಕತ್ತರಿಸಿ ಮುಗಿಯಿತು. ಜೀಪನ್ನು ಮಾರಲಿಲ್ಲ.